ಉನ್ಮತ್ತವೆಂಬ ಮದ್ದು: ಹಕ್ಸ್ಲೀಯ ಸಾಕ್ಷ್ಯವನ್ನು ಕುರಿತು

ಕಳೆದ ವರ್ಷ ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬನು ಆಲ್ಡಸ್ ಹಕ್ಸ್ಲೀಯ ‘ದಿ ಡೋರ್ಸ್ ಆಫ್ ಪರ್ಸೆಪ್ಷನ್’ ಎಂಬ ಕಿರುಹೊತ್ತಗೆಯನ್ನು ಕೈಯಲ್ಲಿ ಹಿಡಿದು ನನ್ನ ಕೊಠಡಿಗೆ ಬಂದನು. ನೆಲಮಂಗಲಕ್ಕೆ ಹತ್ತಿರದ ಅರಿಶಿನಕುಂಟೆ ಅವನ ಊರು. ಅನುಭಾವಸಾಹಿತ್ಯದ ತರಗತಿಯಲ್ಲಿ ಆ ಗ್ರಂಥದ ಹೆಸರನ್ನು ಪ್ರಾಸಂಗಿಕವಾಗಿ ಎತ್ತಿದವನು ನಾನೇ. ಅವನು ಕೇಳಿದ್ದು ಸಾಹಿತ್ಯದ ಪ್ರಶ್ನೆಯಲ್ಲ. “ಸಾರ್, ಇದರಲ್ಲಿ ಹೇಳಿರುವಂಥ ಮದ್ದು ನಮ್ಮಣ್ಣನಿಗೆ ಆಗಿಬರಬಹುದೇ?” ಎಂದು ಕೇಳಿದನು. ಅಣ್ಣನಿಗೆ ಉನ್ಮಾದವೂ ಖಿನ್ನತೆಯೂ ಒಂದಾದಮೇಲೊಂದು ಬಂದುಹೋಗುವ ಕಾಯಿಲೆ. ಕೆಲವು ವರ್ಷಗಳಿಂದ ಲಿಥಿಯಂ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವನಂತೆ. ಮಾತ್ರೆಯಿಂದ ಮನುಷ್ಯ ಮಂಕಾಗಿದ್ದಾನೆಂಬುದು ಮನೆಯವರ ಕೊರಗು. ಯಾರೋ ಗೆಳೆಯರು ‘ಮನಸ್ಸನ್ನು ತೆರೆಯುವ’ ಅಣಬೆಯೊಂದನ್ನು ತಂದುಕೊಡುವುದಾಗಿ ಹೇಳಿದ್ದರು. ವೈದ್ಯನಲ್ಲದ ನಾನು ವೈದ್ಯರನ್ನು ಕೇಳೆಂದು ಹೇಳಿ ಕಳುಹಿಸಿದೆನಾದರೂ, ಆ ಪುಸ್ತಕವನ್ನು ತರಗತಿಯಲ್ಲಿ ಹೆಸರಿಸಿದ ಹೊಣೆ ನನ್ನದೇ ಆಗಿದ್ದುದರಿಂದ ಅದನ್ನು ಮತ್ತೊಮ್ಮೆ, ಈ ಬಾರಿ ಆ ಅಣ್ಣನನ್ನು ಮನಸ್ಸಿನಲ್ಲಿಟ್ಟುಕೊಂಡು, ಓದಬೇಕಾಯಿತು. ಪ್ರಸ್ತುತ ಲೇಖನವು ಆ ಓದಿನ ಫಲ.

ಇಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆ ವಿಮರ್ಶೆಯ ವ್ಯಾಪ್ತಿಗೆ ಸೇರಿದ್ದು. ಒಂದು ಅನುಭವವನ್ನು ಬರೆದಿಟ್ಟವನು ಯಾರು? ಅವನ ಮಾತು ಯಾರ ಪರವಾಗಿ ಸಾಕ್ಷ್ಯವಾಗಬಲ್ಲುದು, ಯಾರ ಪರವಾಗಿ ಆಗಲಾರದು? ಈ ಬಗೆಯ ಮದ್ದುಗಳನ್ನು ಕುರಿತ ಸಾಹಿತ್ಯವು ಬಹುಮಟ್ಟಿಗೆ ಸ್ವಸ್ಥಚಿತ್ತರ ಸಾಕ್ಷ್ಯವೆಂಬುದನ್ನೂ, ಓದುಗರು ಅದನ್ನು ಎಲ್ಲರ ಸಾಕ್ಷ್ಯವೆಂದು ಭಾವಿಸುವುದರಲ್ಲಿಯೇ ಅಪಾಯವಿದೆಯೆಂಬುದನ್ನೂ ತೋರಿಸಲು ಯತ್ನಿಸಿದ್ದೇನೆ.

ನಮ್ಮ ಭಾಷೆಯ ಸಾಕ್ಷ್ಯವನ್ನು ಮೊದಲು ನೋಡಬಹುದು. ತಿಪ್ಪೆಯ ಪಕ್ಕದಲ್ಲಿ, ರಸ್ತೆಯ ಅಂಚಿನಲ್ಲಿ ತಾನಾಗಿ ಬೆಳೆಯುವ ಉಮ್ಮತ್ತಿಯ ಗಿಡವನ್ನು ಬಯಲುಸೀಮೆಯಲ್ಲಿ ಅರಿಯದವರಿಲ್ಲ. ಆ ಹೆಸರು ಸಂಸ್ಕೃತದ ‘ಉನ್ಮತ್ತ’ ಶಬ್ದದ ತದ್ಭವ. ಅಮರಕೋಶವು ದತ್ತೂರಕ್ಕೆ ಕೊಡುವ ಪರ್ಯಾಯನಾಮಗಳಲ್ಲಿ ಉನ್ಮತ್ತ, ಕಿತವ, ಧೂರ್ತ ಎಂಬ ಮೂರೂ ಇವೆ. ಹುಚ್ಚ, ಜೂಜುಗಾರ, ವಂಚಕ. ತಿಂದವನ ಗತಿಯನ್ನೇ ತಿನ್ನಿಸುವ ಗಿಡಕ್ಕೆ ಹೆಸರಾಗಿ ಕೊಟ್ಟ ಹಿಂದಿನವರು ಔಷಧದ ಗುಣವನ್ನು ಅಲ್ಲಗಳೆಯಲಿಲ್ಲ, ಆದರೆ ಹೆಸರಿನಲ್ಲಿಯೇ ಎಚ್ಚರಿಕೆಯನ್ನು ಇಟ್ಟರು. ಕನ್ನಡದ ‘ಮದ್ದು’ ಎಂಬ ಮಾತೂ ಹಾಗೆಯೇ: ರೋಗವನ್ನು ಕಳೆಯುವುದೂ ಮದ್ದು, ಅನ್ನದಲ್ಲಿ ಬೆರೆಸಿ ‘ಹಾಕುವುದೂ’ ಮದ್ದು, ತುಪಾಕಿಗೆ ತುಂಬುವುದೂ ಮದ್ದು. ದತ್ತೂರದಲ್ಲಿರುವ ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ವಿಷಗಳು ಹಕ್ಸ್ಲೀ ಸೇವಿಸಿದ ಮೆಸ್ಕಲಿನ್ನಿಗಿಂತ ಬೇರೆ ಜಾತಿಯವು. ಅವು ಜ್ಞಾನವನ್ನೇ ಕಲಕಿ ಸನ್ನಿಯನ್ನುಂಟುಮಾಡುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ನಾನು ಹೇಳುತ್ತಿರುವುದು ಹೆಸರಿಡುವ ಕ್ರಮವನ್ನು ಕುರಿತು ಮಾತ್ರ.

ಏಕೆಂದರೆ ಇಂಗ್ಲಿಷಿನಲ್ಲಿ ಈ ಮದ್ದುಗಳ ಹೆಸರು ನಮ್ಮ ಕಣ್ಣೆದುರಿನ ಶತಮಾನದಲ್ಲಿಯೇ ಬದಲಾಯಿತು. 1950ರ ದಶಕದಲ್ಲಿ ವೈದ್ಯರು ಇವನ್ನು ‘ಸೈಕೋಟೋಮಿಮೆಟಿಕ್’ ಎಂದು ಕರೆಯುತ್ತಿದ್ದರು; ಹುಚ್ಚನ್ನು ಅನುಕರಿಸುವಂಥದು ಎಂದರ್ಥ. ಹಕ್ಸ್ಲೀಗೆ ಮೆಸ್ಕಲಿನ್ ಕೊಟ್ಟ ಮನೋವೈದ್ಯ ಹಂಫ್ರೀ ಆಸ್ಮಂಡನಿಗೆ ಈ ಹೆಸರು ಹಿಡಿಸಲಿಲ್ಲ. ಹಕ್ಸ್ಲೀಯೊಡನೆ ನಡೆದ ಪತ್ರವ್ಯವಹಾರದಲ್ಲಿ, 1956ರಲ್ಲಿ, ಅವನು ‘ಸೈಕೆಡೆಲಿಕ್’ ಎಂಬ ಪದವನ್ನು ಟಂಕಿಸಿದನು. ಚಿತ್ತವನ್ನು ಪ್ರಕಟಗೊಳಿಸುವಂಥದು ಎಂದು ಅದರ ಅರ್ಥ. ಮದ್ದು ಅದೇ, ಅದು ಮಾಡುವ ಕೆಲಸವೂ ಅದೇ. ಹುಚ್ಚೆಂಬ ಮಾತು ಮಾತ್ರ ಹೆಸರಿನಿಂದ ಕಳಚಿಕೊಂಡಿತು. ಇದೇ ಆಸ್ಮಂಡನು 1952ರಲ್ಲಿ ಜಾನ್ ಸ್ಮಿತೀಸನೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಮೆಸ್ಕಲಿನ್ನಿನ ಪರಿಣಾಮಕ್ಕೂ ಸ್ಕಿಜೋಫ್ರೇನಿಯಾ ರೋಗದ ಲಕ್ಷಣಗಳಿಗೂ ಇರುವ ಸಾಮ್ಯವನ್ನು ಚರ್ಚಿಸಿದ್ದನೆಂಬುದನ್ನು ನೆನೆದರೆ ಈ ನಾಮಾಂತರದ ಸ್ವಾರಸ್ಯ ತಿಳಿಯುತ್ತದೆ. ಚಿತ್ತವನ್ನು ಪ್ರಕಟಗೊಳಿಸುವುದು ಒಳ್ಳೆಯದೇ ಇರಬಹುದು; ಆದರೆ ಪ್ರಕಟವಾಗುವ ಚಿತ್ತ ಯಾರದು?

ಇನ್ನು ಗ್ರಂಥಕ್ಕೆ ಬರೋಣ. 1953ರ ಮೇ ತಿಂಗಳಿನ ಒಂದು ಬೆಳಗ್ಗೆ ಲಾಸ್ ಏಂಜಲೀಸಿನ ತನ್ನ ಮನೆಯಲ್ಲಿ ಹಕ್ಸ್ಲೀಯು ಒಂದು ಗ್ರಾಮಿನ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಮೆಸ್ಕಲಿನ್ನನ್ನು ನೀರಿನಲ್ಲಿ ಕದಡಿ ಕುಡಿದನು. ಆಗ ಅವನಿಗೆ 58 ವರ್ಷ. ಲೋಕಪ್ರಸಿದ್ಧ ಲೇಖಕ, ಅಪಾರ ವಿದ್ವಾಂಸ. ಪಕ್ಕದಲ್ಲಿ ಹೆಂಡತಿ, ಎದುರಿಗೆ ಮನೋವೈದ್ಯ, ಆಡಿದ ಮಾತನ್ನೆಲ್ಲ ಹಿಡಿದಿಡಲು ಧ್ವನಿಮುದ್ರಣದ ಯಂತ್ರ. ಹೂದಾನಿಯಲ್ಲಿದ್ದ ಮೂರು ಹೂಗಳು ಅವನಿಗೆ ಸೃಷ್ಟಿಯ ಆದಿಯನ್ನು ತೋರಿಸಿದುವು. ಉಟ್ಟ ಪಂಟಲೂನಿನ ಮಡಿಕೆಗಳಲ್ಲಿ ಅವನು ಅನಂತವನ್ನು ಕಂಡನು. ಗ್ರಂಥದ ಗದ್ಯ ಇಲ್ಲಿ ನಿಜವಾಗಿಯೂ ಎತ್ತರಕ್ಕೇರುತ್ತದೆ. ಆ ಪುಟಗಳ ಸೊಬಗನ್ನು ಒಪ್ಪದವನು ರಸಿಕನಲ್ಲ. ವಿದ್ಯಾರ್ಥಿಯ ಪ್ರತಿಯಲ್ಲಿ ಗೆರೆ ಎಳೆದಿದ್ದುದೂ ಈ ಪುಟಗಳಲ್ಲಿಯೇ.

ಆದರೆ ಪುಸ್ತಕದಲ್ಲಿ ಬೇರೆಯೂ ಒಂದು ಭಾಗವಿದೆ. ಮಧ್ಯಾಹ್ನ ತೋಟಕ್ಕೆ ಬಂದಾಗ, ಚಪ್ಪರದ ಪಟ್ಟಿಗಳ ನೆರಳು ಬಿದ್ದಿದ್ದ ಒಂದು ಕುರ್ಚಿಯನ್ನು ಕಂಡು ಅವನು ದಿಗಿಲುಗೊಂಡನು. ಕುರ್ಚಿಯ ಬಟ್ಟೆಯ ಮೇಲಿನ ಬೆಳಕು ನೆರಳುಗಳು ಕುರ್ಚಿಯಾಗಿ ಉಳಿಯದೆ ತಾಳಲಾರದ ತೀವ್ರತೆಯಾಗಿ ಪರಿಣಮಿಸಿದುವು. ಇದು ಅತಿಯಾಯಿತೆಂದು ಅವನಿಗೆ ಅನ್ನಿಸಿತು. ಆ ಕ್ಷಣದಲ್ಲಿ ಅವನಿಗೆ ನೆನಪಾದದ್ದು ಸ್ಕಿಜೋಫ್ರೇನಿಯಾದ ರೋಗಿ: ಈ ಮದ್ದಿನ ಪ್ರಭಾವದಲ್ಲಿ ಹಗಲಿರುಳೂ ಇರುವವನಂತೆ, ಅದನ್ನು ಮುಚ್ಚಿಕೊಳ್ಳುವ ಉಪಾಯವೇ ಇಲ್ಲದ ಮನುಷ್ಯ. ಹುಚ್ಚೆಂಬುದು ಎಲ್ಲಿದೆಯೆಂದು ಈಗ ತಿಳಿಯಿತೇ ಎಂಬ ಪ್ರಶ್ನೆಗೆ ಅವನು ಹೌದೆಂದನು. ಒಮ್ಮೆ ಭಯದ ದಾರಿಯಲ್ಲಿ ಕಾಲಿಟ್ಟರೆ ಅದನ್ನು ತಾನು ತಡೆಯಲಾರೆನೆಂದೂ ಒಪ್ಪಿಕೊಂಡನು. ಗ್ರಂಥದ ಅತ್ಯಂತ ಪ್ರಾಮಾಣಿಕವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಇದು ಕೆಲವೇ ಪುಟ. ಬಳಿಕ ಮದ್ದು ಇಳಿಯುತ್ತದೆ. ಲೇಖಕನು ಲೋಕಕ್ಕೆ ಮರಳಿ, ಮನುಷ್ಯನಿಗೆ ಹೆಂಡ ತಂಬಾಕುಗಳಿಗಿಂತ ಉತ್ತಮವಾದ ಮದ್ದು ಬೇಕೆಂಬ ವಾದಕ್ಕೆ ತೊಡಗುತ್ತಾನೆ. ಆ ವಾದದ ನಡುವೆ ಒಂದು ವಾಕ್ಯಾಂಶ ಬರುತ್ತದೆ. ಇತ್ತೀಚೆಗೆ ಕಾಮಾಲೆಯಾದವರಿಗೂ, ಆಗಾಗ ಖಿನ್ನತೆಗೆ ಒಳಗಾಗುವವರಿಗೂ, ಬಿಡದ ಆತಂಕವುಳ್ಳವರಿಗೂ ಮೆಸ್ಕಲಿನ್ ನರಕವನ್ನು ತೋರಿಸಬಹುದೆಂದು ಅದರ ಸಾರ. ಅಂದರೆ ಅರಿಶಿನಕುಂಟೆಯ ಆ ಅಣ್ಣನಿಗೆ ಉತ್ತರ ಗ್ರಂಥದಲ್ಲಿಯೇ ಇತ್ತು. ಅದು ಇದ್ದ ಕಡೆ ಗೆರೆ ಇರಲಿಲ್ಲ. ನಾನೂ ಹಿಂದಿನ ಓದುಗಳಲ್ಲಿ ಅದನ್ನು ದಾಟಿ ಹೋಗಿದ್ದೆನೆಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಇದು ಓದುಗನ ಅಜಾಗರೂಕತೆ ಮಾತ್ರವಲ್ಲ, ರಚನೆಯ ದೋಷವೂ ಹೌದು. ಮಿದುಳು ಅರಿವನ್ನು ಹುಟ್ಟಿಸುವುದಿಲ್ಲ, ಬದುಕಿಗೆ ಬೇಕಾದಷ್ಟನ್ನೇ ಒಳಗೆ ಬಿಡುವ ಕವಾಟದಂತೆ ಅದನ್ನು ಸೋಸಿ ಕುಗ್ಗಿಸುತ್ತದೆ ಎಂಬ ಭಾವನೆಯನ್ನು ಹಕ್ಸ್ಲೀಯು ಬರ್ಗ್‌ಸನ್, ಬ್ರಾಡ್ ಎಂಬ ತತ್ತ್ವಜ್ಞರಿಂದ ಪಡೆದು ಇಡೀ ಗ್ರಂಥಕ್ಕೆ ಆಧಾರವಾಗಿಸಿಕೊಂಡಿದ್ದಾನೆ. ಮದ್ದು ಆ ಕವಾಟವನ್ನು ಸಡಿಲಿಸುತ್ತದೆ. ಒಳ್ಳೆಯದು; ಆದರೆ ಕವಾಟವು ಮೊದಲೇ ಸಡಿಲವಾಗಿರುವವನ ಪಾಡೇನು? ರೂಪಕವನ್ನು ಅದರ ಕೊನೆಯವರೆಗೆ ಕೊಂಡೊಯ್ದಿದ್ದರೆ ಗ್ರಂಥದ ಅರ್ಧಭಾಗವು ರೋಗಿಯನ್ನು ಕುರಿತೇ ಆಗಬೇಕಾಗಿತ್ತು. 1956ರ ‘ಹೆವನ್ ಅಂಡ್ ಹೆಲ್’ ಗ್ರಂಥದಲ್ಲಿ ಅವನು ನರಕದ ವಿಚಾರಕ್ಕೆ ಹೆಚ್ಚು ಸ್ಥಳ ಕೊಟ್ಟನು ನಿಜ. ಓದುಗರ ನೆನಪಿನಲ್ಲಿ ನಿಂತದ್ದು ಮೊದಲನೆಯ ಪುಸ್ತಕ.

ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಆರ್. ಸಿ. ಜೇನರನು 1957ರಲ್ಲಿ ‘ಮಿಸ್ಟಿಸಿಸಂ ಸೇಕ್ರೆಡ್ ಅಂಡ್ ಪ್ರೊಫೇನ್’ ಎಂಬ ಗ್ರಂಥವನ್ನು ಬರೆದು ಹಕ್ಸ್ಲೀಯನ್ನು ಕಟುವಾಗಿ ಖಂಡಿಸಿದನು. ನಮ್ಮ ಅನುಭಾವದ ಚರ್ಚೆಗಳಲ್ಲಿ ಈ ಖಂಡನೆಯ ಉಲ್ಲೇಖ ಬರುವುದುಂಟು. ಮದ್ದಿನಿಂದ ಬಂದ ದರ್ಶನ ಭಗವದ್ದರ್ಶನವಾಗಲಾರದೆಂಬುದು ಜೇನರನ ಆಕ್ಷೇಪದ ತಿರುಳು. ಈ ಆಕ್ಷೇಪ ಸರಿಯೋ ತಪ್ಪೋ ನನಗೆ ಇಲ್ಲಿ ಮುಖ್ಯವಲ್ಲ. ಮುಖ್ಯವಾದುದು ಅವನು ಕರೆತಂದ ಸಾಕ್ಷಿ. ಜಾನ್ ಕಸ್ಟನ್ಸ್ ಎಂಬ ಗುಪ್ತನಾಮದಲ್ಲಿ 1951ರಲ್ಲಿ ‘ವಿಸ್ಡಮ್, ಮ್ಯಾಡ್ನೆಸ್ ಅಂಡ್ ಫಾಲಿ’ ಎಂಬ ಆತ್ಮವೃತ್ತಾಂತವನ್ನು ಬರೆದವನು ಉನ್ಮಾದ-ಖಿನ್ನತೆಯ ರೋಗಿ. ಉನ್ಮಾದದ ದಿನಗಳಲ್ಲಿ ವಸ್ತುಗಳೆಲ್ಲ ಹೊಸ ಬೆಳಕಿನಿಂದ ಹೊಳೆಯುವುದು, ಎಲ್ಲವೂ ಒಂದೇ ಎಂಬ ಆನಂದ, ತನಗೇ ಗೂಢವೆಲ್ಲ ಬಿಚ್ಚಿಕೊಂಡಿತೆಂಬ ನಂಬಿಕೆ, ಇವೆಲ್ಲವೂ ಅವನಿಗೆ ಯಾವ ಮದ್ದೂ ಇಲ್ಲದೆ ಬಂದವು. ಬಳಿಕ ಖಿನ್ನತೆಯ ನರಕವೂ ಹೇಳದೆ ಕೇಳದೆ ಬಂದಿತು. ಹಕ್ಸ್ಲೀಗೆ ಒಂದು ದಿನದ ಯಾತ್ರೆಯಾದದ್ದು ಕಸ್ಟನ್ಸನಿಗೆ ಬೇಡವೆಂದರೂ ಬಿಡದ ಮನೆ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿಸಬೇಕೆಂದು ನಾನು ನಮ್ಮ ಅಧ್ಯಾಪಕಮಿತ್ರರಲ್ಲಿ ಬಿನ್ನವಿಸುತ್ತೇನೆ. ಜೇನರನು ಅವನ್ನು ಹೋಲಿಸಿದುದು ಧರ್ಮಶಾಸ್ತ್ರದ ತೀರ್ಪಿಗಾಗಿ. ಆ ಹೋಲಿಕೆಯಿಂದ ಅವನು ಪಡೆಯದೆ ಬಿಟ್ಟ ಪಾಠವೇ ಹೆಚ್ಚು ಬೆಲೆಯುಳ್ಳದ್ದು.

ಸ್ವಸ್ಥರ ಸಾಕ್ಷ್ಯವನ್ನೇ ನಂಬುವ ಈ ರೂಢಿ ಹಕ್ಸ್ಲೀಯಿಂದ ಆರಂಭವಾದುದಲ್ಲ. ಕುರ್ಟ್ ಬೆರಿಂಗರನು 1927ರಲ್ಲಿ ಪ್ರಕಟಿಸಿದ ಮೆಸ್ಕಲಿನ್ ಕುರಿತ ಜರ್ಮನ್ ಗ್ರಂಥಕ್ಕೆ ಆಧಾರ ಹೈಡಲ್‌ಬರ್ಗಿನ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಬರೆದುಕೊಟ್ಟ ಸ್ವಾನುಭವಗಳು. ಅದೇ ಹೈಡಲ್‌ಬರ್ಗಿನಲ್ಲಿ ಮೆಸ್ಕಲಿನ್ನಿನ ಸಂಶೋಧನೆಯಲ್ಲಿ ತೊಡಗಿದ್ದ ವಿಲ್ಲಿ ಮೇಯರ್-ಗ್ರಾಸ್ ಎಂಬ ಮನೋವೈದ್ಯನು 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ನಮ್ಮ ಬೆಂಗಳೂರಿಗೆ ಬಂದು, ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಸಲಹೆಗಾರನಾಗಿದ್ದನೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿಯದ ಸಂಗತಿ. ಆ ಆಸ್ಪತ್ರೆಯೂ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದುವು. ಕೃತಕವಾಗಿ ಬರಿಸಿದ ಹುಚ್ಚನ್ನು ಬಲ್ಲ ಆ ಪೀಳಿಗೆಯವರು, ಮದ್ದಿನ ಹುಚ್ಚು ಇಳಿದುಹೋಗುತ್ತದೆ, ರೋಗಿಯದು ಇಳಿಯುವುದಿಲ್ಲ ಎಂಬುದನ್ನು ವಾರ್ಡುಗಳಲ್ಲಿ ದಿನವೂ ಕಾಣುತ್ತಿದ್ದರು.

ಅನುಭವಕಥನಗಳನ್ನು ಬಿಟ್ಟು ವೈದ್ಯರ ಬರಹಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞನು ಬಾಸೆಲ್ ನಗರದ ಸ್ಯಾಂಡೋಸ್ ಸಂಸ್ಥೆಯಲ್ಲಿ 1938ರಲ್ಲಿ ಎಲ್.ಎಸ್.ಡಿ. ಎಂಬ ದ್ರವ್ಯವನ್ನು ತಯಾರಿಸಿದನು. ಅದರ ಗುಣ ತಿಳಿದದ್ದು 1943ರಲ್ಲಿ, ಅವನೇ ಅದನ್ನು ಸೇವಿಸಿದಾಗ. ಸಂಸ್ಥೆಯು ಅದನ್ನು ‘ಡೆಲಿಸಿಡ್’ ಎಂಬ ಹೆಸರಿನಿಂದ ವೈದ್ಯರಿಗೆ ಕಳುಹಿಸಿಕೊಟ್ಟಾಗ ಜೊತೆಗಿಟ್ಟ ಸೂಚನಾಪತ್ರದಲ್ಲಿ, ಮನೋರೋಗದ ಸ್ಥಿತಿಗಳು ಈ ಮದ್ದಿನಿಂದ ಉಲ್ಬಣಿಸಬಹುದೆಂದೂ, ಆತ್ಮಹತ್ಯೆಯ ಪ್ರವೃತ್ತಿಯುಳ್ಳವರಲ್ಲಿ ಮತ್ತು ಚಿತ್ತಭ್ರಮೆ ಸನ್ನಿಹಿತವಾಗಿರುವವರಲ್ಲಿ ವಿಶೇಷ ಎಚ್ಚರ ಬೇಕೆಂದೂ ತಿಳಿಸಲಾಗಿತ್ತು. ಮದ್ದನ್ನು ಮಾಡಿದವರೇ ಇಟ್ಟ ಎಚ್ಚರಿಕೆ ಇದು. ಸೂಚನಾಪತ್ರಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ.

ಲಾಸ್ ಏಂಜಲೀಸಿನ ವೈದ್ಯ ಸಿಡ್ನಿ ಕೋಹೆನ್ 1960ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದಕ್ಕಿಂತ ಮುಖ್ಯವಾದುದು. ಈ ಮದ್ದುಗಳನ್ನು ಪ್ರಯೋಗಿಸುತ್ತಿದ್ದ ಸಂಶೋಧಕರಿಗೆ ಅವನು ಪ್ರಶ್ನಾವಳಿಯನ್ನು ಕಳುಹಿಸಿದನು. 44 ಮಂದಿ ಉತ್ತರಿಸಿದರು. ಸುಮಾರು 5,000 ಜನರಿಗೆ 25,000ಕ್ಕೂ ಹೆಚ್ಚು ಬಾರಿ ಎಲ್.ಎಸ್.ಡಿ. ಅಥವಾ ಮೆಸ್ಕಲಿನ್ ಕೊಟ್ಟ ವರದಿಗಳು ಅವು. ಕೋಹೆನ್ ಮಾಡಿದ ಜಾಣತನವೆಂದರೆ ಸ್ವಸ್ಥ ಸ್ವಯಂಸೇವಕರನ್ನೂ ರೋಗಿಗಳನ್ನೂ ಬೇರೆ ಬೇರೆಯಾಗಿ ಎಣಿಸಿದುದು. ಎರಡು ದಿನಕ್ಕೂ ಮೀರಿ ಉಳಿದ ಚಿತ್ತಭ್ರಮೆ ಸ್ವಸ್ಥರಲ್ಲಿ ಸಾವಿರಕ್ಕೆ 0.8, ರೋಗಿಗಳಲ್ಲಿ 1.8. ಆತ್ಮಹತ್ಯೆಯ ಯತ್ನ ಸ್ವಸ್ಥರಲ್ಲಿ ಸೊನ್ನೆ, ರೋಗಿಗಳಲ್ಲಿ ಸಾವಿರಕ್ಕೆ 1.2; ಪ್ರಾಣವೇ ಹೋದ ಪ್ರಸಂಗಗಳು ಸ್ವಸ್ಥರಲ್ಲಿ ಸೊನ್ನೆ, ರೋಗಿಗಳಲ್ಲಿ 0.4. ಈ ಸಮೀಕ್ಷೆಯನ್ನು ಮದ್ದಿನ ಸುರಕ್ಷಿತತೆಗೆ ಪ್ರಮಾಣವೆಂದು ಬಹುಕಾಲ ಉದ್ಧರಿಸುತ್ತ ಬಂದರು. ಸಂಖ್ಯೆಗಳು ಚಿಕ್ಕವೆಂಬುದೇನೋ ನಿಜ. ಆದರೆ ಇವು ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟ ಮದ್ದಿನ ಲೆಕ್ಕಗಳು, ಅದೂ ಕೊಟ್ಟವರೇ ಒಪ್ಪಿಸಿದವು. ಅಷ್ಟಾದರೂ ಎರಡು ಸಾಲುಗಳ ನಡುವಣ ಅಂತರ ಅಳಿಸಲಿಲ್ಲ. ಮದ್ದು ವೈದ್ಯರ ಕೈಯಿಂದ ಹೊರಬೀಳುತ್ತಿದ್ದಂತೆ, 1962ರಲ್ಲಿ, ಕೋಹೆನ್ ತನ್ನ ಸಹೋದ್ಯೋಗಿ ಡಿಟ್ಮನ್‌ನೊಡನೆ ಅದರ ತೊಡಕುಗಳನ್ನು ಕುರಿತು ಎಚ್ಚರಿಸಿ ಬರೆಯಬೇಕಾಯಿತು.

ಈ ಶತಮಾನದ ಸಂಶೋಧನೆಗಳಲ್ಲಿಯೂ ಸಾಕ್ಷಿಯ ಪ್ರಶ್ನೆಯೇ ಮರುಕಳಿಸುತ್ತದೆ. ನಾರ್ವೆಯ ಕ್ರೆಬ್ಸ್ ಮತ್ತು ಯೊಹಾನ್ಸನ್ 2013ರಲ್ಲಿ ಅಮೆರಿಕದ 1,30,152 ಮಂದಿಯ ಸಮೀಕ್ಷೆಯನ್ನು ಪರಿಶೀಲಿಸಿ, ಇಂಥ ಮದ್ದುಗಳನ್ನು ಎಂದಾದರೂ ಸೇವಿಸಿದವರಲ್ಲಿ ಮಾನಸಿಕ ತೊಂದರೆ ಹೆಚ್ಚಾಗಿ ಕಾಣಲಿಲ್ಲವೆಂದು ಬರೆದರು. ನ್ಯಾಯವಾಗಿ ಇದನ್ನು ಹೇಳಲೇಬೇಕು. ಆದರೆ ಆ ಸಮೀಕ್ಷೆಯು ಮನೆಮನೆಗೆ ಹೋಗಿ ಕೇಳಿದ್ದು. ಆಸ್ಪತ್ರೆಯಲ್ಲಿ ದೀರ್ಘಕಾಲ ಇರುವವನು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಕೆನಡಾದ ಆಂಟೇರಿಯೊ ಪ್ರಾಂತದ ಸಂಶೋಧಕರು 2024ರಲ್ಲಿ ಇನ್ನೊಂದು ಬಾಗಿಲಿನಿಂದ ನೋಡಿದರು. 2008ರಿಂದ 2021ರವರೆಗೆ ಭ್ರಮಾಜನಕ ಮದ್ದಿನ ನಿಮಿತ್ತ ತುರ್ತು ಚಿಕಿತ್ಸೆಗೆ ಬಂದ 5,217 ಮಂದಿಯಲ್ಲಿ, ಮೂರು ವರ್ಷಗಳೊಳಗೆ ಶೇಕಡ 4ರಷ್ಟು ಜನರಿಗೆ ಸ್ಕಿಜೋಫ್ರೇನಿಯಾ ವರ್ಗದ ಕಾಯಿಲೆಯಿದೆಯೆಂದು ತಿಳಿಯಿತು. ಮೊದಲೇ ಇದ್ದ ಮನೋರೋಗ, ಇತರ ಮಾದಕದ್ರವ್ಯಗಳು ಮುಂತಾದುವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಸಾಮಾನ್ಯರಿಗಿಂತ ಇವರ ಅಪಾಯ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿ ಉಳಿಯಿತು. ಮದ್ದೇ ರೋಗವನ್ನು ಹುಟ್ಟಿಸಿತೋ, ಹುಟ್ಟಲಿದ್ದ ರೋಗವೇ ಅವರನ್ನು ಮದ್ದಿನತ್ತ ಎಳೆಯಿತೋ, ಈ ಲೆಕ್ಕದಿಂದ ನಿರ್ಣಯಿಸಲಾಗದು. ಇಂಥ ವಿಷಯದಲ್ಲಿ ಅವಸರ ಸಲ್ಲದೆಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. 1893-94ರ ಭಾರತೀಯ ಗಾಂಜಾ ಆಯೋಗವು ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ‘ಗಾಂಜಾದಿಂದ ಬಂದ ಹುಚ್ಚು’ ಎಂದು ಬರೆದಿದ್ದ ಎಷ್ಟೋ ನಮೂದುಗಳಿಗೆ ರೋಗಿಯನ್ನು ಕರೆತಂದ ಪೊಲೀಸಿನವರ ಮಾತಿಗಿಂತ ಮಿಗಿಲಾದ ಆಧಾರ ಸಿಗಲಿಲ್ಲ. ಮದ್ದನ್ನು ಹೊಗಳುವವರೂ ತೆಗಳುವವರೂ ರೋಗಿಯನ್ನು ಕೇಳದೆಯೇ ಬರೆದರು.

ಈಗಿನ ಚಿಕಿತ್ಸಾಪ್ರಯೋಗಗಳನ್ನು ಕುರಿತು ಪತ್ರಿಕೆಗಳಲ್ಲಿ ಬಹಳ ಉತ್ಸಾಹದ ಬರಹಗಳು ಬರುತ್ತಿವೆ. ಅಣಬೆಯಲ್ಲಿರುವ ಸೈಲೊಸಿಬಿನ್ ಎಂಬ ದ್ರವ್ಯವನ್ನು ಬೇರಾವ ಔಷಧಕ್ಕೂ ಬಗ್ಗದ ಖಿನ್ನತೆಯುಳ್ಳ 233 ಮಂದಿಗೆ ಕೊಟ್ಟು ನೋಡಿದ ಪ್ರಯೋಗದ ವರದಿ 2022ರಲ್ಲಿ ಹೊರಬಂದಿತು. 25 ಮಿಲಿಗ್ರಾಮಿನ ಒಂದೇ ಸೇವನೆಯಿಂದ ಮೂರು ವಾರಗಳ ಬಳಿಕ ಖಿನ್ನತೆ ಇಳಿದುದು ನಿಜ. ಅಲ್ಪಪ್ರಮಾಣ ಪಡೆದವರಿಗಿಂತ ಅವರು ಮೇಲಾಗಿದ್ದರು. ಆತ್ಮಹತ್ಯೆಯ ಯೋಚನೆ, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಮುಂತಾದುವು ಎಲ್ಲ ಗುಂಪುಗಳಲ್ಲಿಯೂ ಕಾಣಿಸಿಕೊಂಡವೆಂಬುದೂ ಅದೇ ವರದಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಇಂಥ ಖಿನ್ನತೆಗೆ ಇದನ್ನು ಕೊಡಬಹುದಾಗಿದೆ. ಆದರೆ ಈ ಪ್ರಯೋಗಗಳಿಗೆ ಯಾರನ್ನು ಸೇರಿಸಿಕೊಂಡರೆಂಬ ಸಣ್ಣಕ್ಷರದ ಭಾಗವನ್ನು ಓದಬೇಕು. ಸ್ಕಿಜೋಫ್ರೇನಿಯಾ ಇದ್ದವರು, ಉನ್ಮಾದ-ಖಿನ್ನತೆಯುಳ್ಳವರು, ಬಹಳಷ್ಟು ಪ್ರಯೋಗಗಳಲ್ಲಿ ಅಂಥ ಒಡಹುಟ್ಟಿದವರೋ ತಂದೆತಾಯಿಯರೋ ಇರುವವರು ಕೂಡ, ಬಾಗಿಲಲ್ಲಿಯೇ ಹೊರಗುಳಿಯುತ್ತಾರೆ. ಹೀಗೆ ಆರಿಸಿಕೊಂಡವರಲ್ಲಿ ಅಪಾಯ ಕಡಿಮೆಯೆಂಬ ಮಾತು ಹೊರಗುಳಿದವರ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ನನ್ನ ವಿದ್ಯಾರ್ಥಿಯ ಅಣ್ಣ ಹೊರಗುಳಿದವರ ಪೈಕಿ. ಸ್ವತಃ ಆ ವಿದ್ಯಾರ್ಥಿಯೂ, ತಮ್ಮನಾದ ಕಾರಣಕ್ಕೆ, ಆ ಬಾಗಿಲನ್ನು ದಾಟುವುದು ಕಷ್ಟ.

ಲಿಥಿಯಂ ತೆಗೆದುಕೊಳ್ಳುತ್ತಿರುವವರು ಎಲ್.ಎಸ್.ಡಿ.ಯನ್ನೋ ಸೈಲೊಸಿಬಿನ್ನನ್ನೋ ಸೇವಿಸಿದಾಗ ಮೂರ್ಛೆಯ ಸೆಳವು ಬಂದ ವರದಿಗಳು ಹಲವಿವೆ. ಹಾಗೆಂದು ಲಿಥಿಯಂ ನಿಲ್ಲಿಸಿದರೆ, ವಿಶೇಷವಾಗಿ ಒಮ್ಮೆಲೇ ನಿಲ್ಲಿಸಿದರೆ, ಉನ್ಮಾದವು ಮರಳುವ ಮತ್ತು ಆತ್ಮಹತ್ಯೆಯ ಸಂಭವ ಹೆಚ್ಚುತ್ತದೆ. ನಮ್ಮಲ್ಲಿ 1985ರ ಮಾದಕದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯಿದೆಯ ಅನುಸೂಚಿಯಲ್ಲಿ ಎಲ್.ಎಸ್.ಡಿ., ಮೆಸ್ಕಲಿನ್, ಸೈಲೊಸಿಬಿನ್ ಮೂರೂ ಸೇರಿವೆ. ಶಿಕ್ಷೆಯ ಮಾತು ಹಾಗಿರಲಿ. ಕದ್ದು ತಂದ ಅಣಬೆ ಯಾವ ಜಾತಿಯದು, ಅದರಲ್ಲಿ ಎಷ್ಟು ಮದ್ದಿದೆ, ದಿಗಿಲು ಬಿದ್ದಾಗ ಎದುರಿಗೆ ಕೂಡುವ ಆಸ್ಮಂಡ್ ಯಾರು ಎಂಬುದಕ್ಕೆ ಉತ್ತರ ಕೊಡುವವರಿಲ್ಲ. ಹಕ್ಸ್ಲೀಯ ಮನೆಯಲ್ಲಿ ಇದ್ದುದೊಂದೂ ಅರಿಶಿನಕುಂಟೆಯ ಮನೆಯಲ್ಲಿ ಇರಲಾರದು.

ಎರಡು ವಾರಗಳ ತರುವಾಯ ಆ ವಿದ್ಯಾರ್ಥಿಯನ್ನು ಕರೆಸಿ, ಕಾಮಾಲೆ ಖಿನ್ನತೆಗಳ ಮಾತಿದ್ದ ಪುಟವನ್ನೂ ಕುರ್ಚಿಯ ಪ್ರಸಂಗವನ್ನೂ ತೋರಿಸಿದೆನು. ಅವನು ನಿಂತುಕೊಂಡೇ ಎರಡು ಬಾರಿ ಓದಿದನು. ಅಣ್ಣನ ಮಂಕುತನವನ್ನು ವೈದ್ಯರಿಗೆ ತಿಳಿಸಿದ್ದೀರಾ, ಮಾತ್ರೆಯ ಪ್ರಮಾಣವನ್ನು ರಕ್ತಪರೀಕ್ಷೆ ಮಾಡಿ ಸರಿಪಡಿಸಲು ಬರುತ್ತದೆಯಲ್ಲವೇ ಎಂದು ಕೇಳಿದಾಗ, ಅದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ತಿಳಿಯಿತು. “ಅಣ್ಣನೂ ಈ ಪುಸ್ತಕವನ್ನು ಓದಿದ್ದಾನೆ ಸಾರ್. ಆ ಹೂವಿನ ಭಾಗ ಓದಿ, ಇದೆಲ್ಲ ನನಗೆ ಮೊದಲೇ ಗೊತ್ತು ಎಂದ,” ಎಂದನು. ಕಸ್ಟನ್ಸನ ಪುಸ್ತಕವನ್ನು ಅವನಿಗೆ ಕೊಟ್ಟು ಕಳುಹಿಸಿದ್ದೇನೆ. ಹಕ್ಸ್ಲೀಯ ಪ್ರತಿ ನನ್ನ ಮೇಜಿನ ಮೇಲೆಯೇ ಇದೆ.